ಇಳಿಯುವ ಹೊತ್ತು

ಸೈಕಲ್ ಕಲಿತ ದಿನಗಳು ನಿಮಗೆ ನೆನಪಿವೆಯೇ? ನಮ್ಮ ಬಾಲ್ಯದಲ್ಲಿ ಮಕ್ಕಳ ಅಳತೆಯ ಸೈಕಲ್ ಎಂಬುದನ್ನು ನಾವು ಕಂಡವರಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು ತಂದ ದೊಡ್ಡವರ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಒಳಪೆಡಲು ತುಳಿಯುತ್ತಾ, ಚರ್ಚಿನ ಮೈದಾನವನ್ನು ಸುತ್ತುತ್ತಿದ್ದೆವು. ಹತ್ತುವುದನ್ನು ಎರಡು ದಿನದಲ್ಲಿ ಕಲಿತೆ. ತುಳಿಯುವುದನ್ನು ಒಂದು ವಾರದಲ್ಲಿ ಕಲಿತೆ. ಆದರೆ ಇಳಿಯುವುದು ಮಾತ್ರ ಬಹಳ ದಿನ ಕೈಗೂಡಲಿಲ್ಲ. ಕಾಲು ಸೋತರೂ, ಉಸಿರು ಕಟ್ಟಿದರೂ, ಬಾಡಿಗೆಯ ಹೊತ್ತು ಮೀರಿದರೂ ಇಳಿಯಲು ಬಾರದೆ ಸುತ್ತುತ್ತಲೇ ಇರುತ್ತಿದ್ದೆ. ಕಡೆಗೆ ನನ್ನ ಅಣ್ಣ ಓಡಿಬಂದು ಹಿಂದಿನ ಕ್ಯಾರಿಯರ್ ಹಿಡಿದು ನಿಲ್ಲಿಸಬೇಕು, ಇಲ್ಲವೇ ನಾನು ಗಿಡದ ಪೊದೆಗೆ ನುಗ್ಗಿ ಬೀಳಬೇಕು. ಈ ಎರಡರ ಹೊರತು ಮೂರನೆಯ ದಾರಿ ನನಗೆ ತಿಳಿದಿರಲಿಲ್ಲ.

ಆ ಹುಡುಗಾಟದ ನೆನಪು ಬಹುಕಾಲದ ನಂತರ, ಒಬ್ಬ ಮಹಾಕ್ರೀಡಾಪಟುವಿನ ಕಥೆಯನ್ನು ಓದುವಾಗ ಮರುಕಳಿಸಿತು. ಅವರ ಹೆಸರು ಮಿಗೆಲ್ ಇಂಡುರೈನ್. ಸ್ಪೇನ್ ದೇಶದವರು. ಸೈಕಲ್ ಓಟದ ಜಗತ್ತು ಕಂಡ ಅತಿ ಶ್ರೇಷ್ಠರಲ್ಲಿ ಒಬ್ಬರು. ನಮ್ಮ ನಾಡಿನಲ್ಲಿ ಆ ಹೆಸರನ್ನು ಬಲ್ಲವರು ಕಡಿಮೆ. 1996ರಲ್ಲಿ ನಾನು ಗುರುಮಠದ ವಿದ್ಯಾರ್ಥಿಯಾಗಿದ್ದೆ. ಅಟ್ಲಾಂಟಾ ಒಲಿಂಪಿಕ್ಸ್ ನಡೆಯುತ್ತಿತ್ತು. ಟೆನಿಸ್‌ನಲ್ಲಿ ಲಿಯಾಂಡರ್ ಪೇಸ್ ಕಂಚಿನ ಪದಕ ಗೆದ್ದ ಸುದ್ದಿಗೆ ವಾಚನಾಲಯದಲ್ಲಿ ನಾವು ಪತ್ರಿಕೆಯನ್ನು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ಓದಿದ್ದೆವು. ಅದೇ ಕ್ರೀಡಾಕೂಟದಲ್ಲಿ ಇಂಡುರೈನ್ ಚಿನ್ನ ಗೆದ್ದಿದ್ದರು. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ಚಿನ್ನದ ಹಿಂದೆ ಮತ್ತು ಮುಂದೆ ಎಂತಹ ನೋವು ಇತ್ತೆಂಬುದನ್ನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಸ್ಪೇನಿನ ಉತ್ತರಕ್ಕೆ, ಪಿರನೀಸ್ ಪರ್ವತಶ್ರೇಣಿಯ ಮಡಿಲಲ್ಲಿ ನವಾರ್ರಾ ಎಂಬ ಸೀಮೆಯಿದೆ. ನಮಗೆ ಅದು ತೀರ ಅಪರಿಚಿತವಲ್ಲ. ಗೋವೆಯಲ್ಲಿ ಯಾರ ಪಾರ್ಥಿವ ಶರೀರದ ದರ್ಶನಕ್ಕೆ ನಮ್ಮ ಎಷ್ಟೋ ಕುಟುಂಬಗಳು ಯಾತ್ರೆ ಹೋಗಿಬಂದಿವೆಯೋ, ಆ ಸಂತ ಫ್ರಾನ್ಸಿಸ್ ಝೇವಿಯರ್ ಹುಟ್ಟಿದ್ದು ಆ ಸೀಮೆಯಲ್ಲಿ. ಅದರ ರಾಜಧಾನಿ ಪಾಂಪ್ಲೋನಾ. 1521ರಲ್ಲಿ ಆ ನಗರದ ಕೋಟೆಯಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿದುಕೊಂಡ ಯೋಧನೊಬ್ಬನ ಸೈನಿಕ ಜೀವನ ಮುಗಿಯಿತು. ಆತ ಮುಂದೆ ಸಂತ ಇಗ್ನೇಷಿಯಸ್ ಲೊಯೋಲಾ ಆದರು. ಆ ಪಾಂಪ್ಲೋನಾದ ಪಕ್ಕದ ವಿಯಾವಾ ಎಂಬ ಸಣ್ಣ ಊರಿನ ಒಕ್ಕಲು ಮನೆತನದಲ್ಲಿ 1964ರ ಜುಲೈ 16ರಂದು ಇಂಡುರೈನ್ ಜನಿಸಿದರು. ಹತ್ತನೆಯ ಹುಟ್ಟುಹಬ್ಬಕ್ಕೆ ಸಿಕ್ಕಿದ ಹಳೆಯ ಸೈಕಲ್ ಮರುವರ್ಷವೇ ಕಳುವಾಯಿತು. ಮತ್ತೊಂದು ಸೈಕಲ್ಲಿನ ಹಣಕ್ಕಾಗಿ ಹುಡುಗ ತಂದೆಯ ಜೊತೆ ಹೊಲದಲ್ಲಿ ದುಡಿದ.

ಸೈಕಲ್ ಓಟಗಳಲ್ಲೆಲ್ಲ ಹಿರಿದಾದದ್ದು ‘ಟೂರ್ ದ ಫ್ರಾನ್ಸ್’. 1903ರಲ್ಲಿ ಆರಂಭವಾದ ಈ ಓಟ ಮೂರು ವಾರ ನಡೆಯುತ್ತದೆ. ಸುಮಾರು 3,500 ಕಿಲೋಮೀಟರುಗಳನ್ನು ಇಪ್ಪತ್ತಕ್ಕೂ ಹೆಚ್ಚು ಹಂತಗಳಲ್ಲಿ, ಬಯಲು ಬೆಟ್ಟಗಳೆನ್ನದೆ, ಬಿಸಿಲು ಮಳೆಯೆನ್ನದೆ ಕ್ರಮಿಸಬೇಕು. ಪ್ರತಿದಿನದ ಹೊತ್ತನ್ನು ಕೂಡಿಸುತ್ತಾ ಹೋಗುತ್ತಾರೆ. ಒಟ್ಟು ಹೊತ್ತು ಯಾರದು ಕಡಿಮೆಯೋ ಅವರಿಗೆ ಹಳದಿ ಅಂಗಿ. ಇದು ಒಂಟಿ ಸ್ಪರ್ಧೆಯಂತೆ ತೋರಿದರೂ ನಿಜವಾಗಿ ತಂಡದ ಕಾಯಕ. ನಾಯಕನೊಬ್ಬನನ್ನು ಗೆಲ್ಲಿಸಲು ಉಳಿದವರು ಅವನ ಮುಂದೆ ಸಾಗಿ ಗಾಳಿಗೆ ಎದೆಯೊಡ್ಡುತ್ತಾರೆ, ಹಿಂದಿನ ಕಾರಿನಿಂದ ನೀರಿನ ಬಾಟಲಿ ಹೊತ್ತು ತರುತ್ತಾರೆ, ಅವನ ಚಕ್ರ ಕೆಟ್ಟರೆ ತಮ್ಮದನ್ನು ಬಿಚ್ಚಿ ಕೊಡುತ್ತಾರೆ.

ಇಂಡುರೈನ್ ಆರಂಭಿಸಿದ್ದು ಅಂತಹ ಸೇವಕನಾಗಿಯೇ. 1985 ಮತ್ತು 1986ರ ಟೂರ್‌ಗಳನ್ನು ಅವರು ಮುಗಿಸಲಿಲ್ಲ. 1987ರಲ್ಲಿ 97ನೇ ಸ್ಥಾನ. 1988ರಲ್ಲಿ, ತಮ್ಮ ನಾಯಕ ಪೆದ್ರೋ ದೆಲ್ಗಾದೋ ಗೆದ್ದ ವರ್ಷ, 47ನೇ ಸ್ಥಾನ. ಮುಂದೆ 17, ಬಳಿಕ 10. 1991ರಲ್ಲಿ ಮೊದಲ ಸ್ಥಾನ. ಅಲ್ಲಿಂದ 1995ರವರೆಗೆ ಐದು ವರ್ಷ ಆ ಹಳದಿ ಅಂಗಿ ಬೇರೆಯವರ ಮನೆಗೆ ಹೋಗಲಿಲ್ಲ. ಅವರಿಗಿಂತ ಮೊದಲು ಐದು ಸಲ ಗೆದ್ದವರು ಮೂವರಿದ್ದರು: ಜಾಕ್ ಆಂಕ್ತಿಲ್, ಎಡ್ಡಿ ಮೆರ್ಕ್ಸ್, ಬರ್ನಾರ್ ಇನೋ. ಆದರೆ ಐದನ್ನೂ ಸತತವಾಗಿ ಗೆದ್ದವರು ಇಂಡುರೈನ್ ಒಬ್ಬರೇ. ಆಮೇಲೆ ಏಳು ಸಲ ಗೆದ್ದಂತೆ ಕಂಡ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಗೆಲುವುಗಳನ್ನು ಉದ್ದೀಪನ ಮದ್ದಿನ ಕಾರಣದಿಂದ 2012ರಲ್ಲಿ ಅಳಿಸಿಹಾಕಲಾಯಿತು.

ಆರಡಿಗೂ ಮೀರಿದ ಎತ್ತರ, ಸುಮಾರು 80 ಕಿಲೋ ತೂಕ. ವಿಶ್ರಾಂತಿಯಲ್ಲಿದ್ದಾಗ ಅವರ ನಾಡಿ ನಿಮಿಷಕ್ಕೆ 28 ಸಲ ಮಾತ್ರ ಬಡಿಯುತ್ತಿತ್ತು ಎಂಬುದು ಆ ದಿನಗಳ ದೊಡ್ಡ ಮಾತು. ನಮ್ಮಂಥವರ ನಾಡಿ ಎಪ್ಪತ್ತರ ಸುಮಾರಿನಲ್ಲಿರುತ್ತದೆ. 1992ರಲ್ಲಿ ಲಕ್ಸೆಂಬರ್ಗ್‌ನಲ್ಲಿ ನಡೆದ 65 ಕಿಲೋಮೀಟರುಗಳ ಒಂಟಿ ಓಟದಲ್ಲಿ ಎರಡನೆಯವರನ್ನು ಮೂರು ನಿಮಿಷ ಹಿಂದೆ ಹಾಕಿದರು. ಆದರೂ ಮೃದುಭಾಷಿ. ಬೆಟ್ಟದ ಹಂತಗಳಲ್ಲಿ ಗುರಿಯ ಬಳಿಗೆ ಜೊತೆಯಲ್ಲಿ ಬಂದವರು ದಿನದ ಗೆಲುವನ್ನು ಪಡೆಯುವುದಾದರೆ ಅದಕ್ಕೆ ಅಡ್ಡಬರುತ್ತಿರಲಿಲ್ಲ. ಐದು ಬಾರಿ ಟೂರ್ ಗೆದ್ದ ವರ್ಷಗಳಲ್ಲಿ ಅವರು ಗೆದ್ದ ಹಂತಗಳೆಲ್ಲವೂ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಹಂತಗಳು.

ಅಂಥವರ ಇಳಿಗಾಲ ಹೇಗೆ ಬಂತು ನೋಡಿ. 1996ರ ಜುಲೈ 6. ಮಳೆ, ಚಳಿ. ಆಲ್ಪ್ಸ್ ಪರ್ವತದ ಲೆಸ್ ಆರ್ಕ್ ಎಂಬಲ್ಲಿಗೆ ಏರುವ ಕೊನೆಯ ದಾರಿ. ಗುರಿ ಇನ್ನು ಮೂರು ನಾಲ್ಕು ಕಿಲೋಮೀಟರ್ ಇರುವಾಗ, ಅಲ್ಲಿಯವರೆಗೆ ಮುಂದಿನವರ ಜೊತೆಯಲ್ಲೇ ಇದ್ದ ಇಂಡುರೈನ್ ಇದ್ದಕ್ಕಿದ್ದಂತೆ ನಿಧಾನವಾದರು. ಶರೀರವು ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಸಕ್ಕರೆ ತೀರಿಹೋದರೆ ಎಂತಹ ಮಲ್ಲನೂ ಕೂಸಿನಂತಾಗುತ್ತಾನೆ. ಕಣ್ಣು ಮಂಜಾಗುತ್ತದೆ, ಕಾಲು ಮಾತು ಕೇಳುವುದಿಲ್ಲ. ಐದು ವರ್ಷ ಯಾರ ಎದುರೂ ಮುಖದ ಗೆರೆ ಅಲುಗಿಸದಿದ್ದ ಮನುಷ್ಯ ಕೈಸನ್ನೆಯಿಂದ ನೀರು ಬೇಡಿದರು. ಬೇರೆ ತಂಡದ ಕಾರಿನವರು ಬಾಟಲಿ ಕೊಟ್ಟರು. ದಾರಿಯ ಕೊನೆಯಲ್ಲಿ ಹಾಗೆ ಪಡೆಯುವುದು ನಿಯಮಬಾಹಿರವಾದ್ದರಿಂದ 20 ಸೆಕೆಂಡುಗಳ ದಂಡವೂ ಬಿತ್ತು. ಆ ನಾಲ್ಕು ಹೆಜ್ಜೆಯ ದಾರಿಯಲ್ಲಿ ಅವರು ಪ್ರತಿಸ್ಪರ್ಧಿಗಳಿಗೆ ಮೂರು ನಿಮಿಷಕ್ಕೂ ಹೆಚ್ಚು ಸೋತಿದ್ದರು.

ಹತ್ತು ದಿನಗಳ ನಂತರ ಅವರ 32ನೇ ಹುಟ್ಟುಹಬ್ಬ. ಅಂದು ಒತಾಕಾಂ ಎಂಬ ಬೆಟ್ಟದಲ್ಲಿ ಡೆನ್ಮಾರ್ಕಿನ ಬ್ಯಾರ್ನೆ ರೀಸ್ ಅವರನ್ನೂ ಉಳಿದವರನ್ನೂ ಬಿಟ್ಟು ಹಾರಿಹೋದರು. ಮರುದಿನದ್ದು ಇನ್ನೂ ಕಠೋರ. ತಮ್ಮ ಊರಿನ ವೀರನಿಗೆ ಗೌರವವೆಂದು ಆ ವರ್ಷದ ಓಟವನ್ನು ಪಿರನೀಸ್ ದಾಟಿಸಿ, ವಿಯಾವಾದ ಮೂಲಕ ಪಾಂಪ್ಲೋನಾಕ್ಕೆ ಕರೆತರುವ ಏರ್ಪಾಡಾಗಿತ್ತು. ಹಳದಿ ಅಂಗಿಯಲ್ಲಿ ಮಗ ಮನೆಗೆ ಬರುತ್ತಾನೆಂದು ಊರೇ ಸಿಂಗರಿಸಿಕೊಂಡು ನಿಂತಿತ್ತು. 262 ಕಿಲೋಮೀಟರುಗಳ ಆ ದಿನ ಇಂಡುರೈನ್ ಎಂಟು ನಿಮಿಷಕ್ಕೂ ಹೆಚ್ಚು ತಡವಾಗಿ ಬಂದರು. ಆದರೂ ಜನ ಚಪ್ಪಾಳೆ ನಿಲ್ಲಿಸಲಿಲ್ಲ. ಹಳದಿ ಅಂಗಿ ತೊಟ್ಟಿದ್ದ ರೀಸ್ ಅವರನ್ನು ವೇದಿಕೆಗೆ ಕರೆದುಕೊಂಡರು. ಪ್ಯಾರಿಸ್ ತಲಪಿದಾಗ ಇಂಡುರೈನ್ 11ನೇ ಸ್ಥಾನದಲ್ಲಿದ್ದರು. ರೀಸ್ ತಾವು ನಿಷಿದ್ಧ ಮದ್ದು ಬಳಸಿದ್ದನ್ನು 2007ರಲ್ಲಿ ತಾವೇ ಒಪ್ಪಿಕೊಂಡರು. ಅದು ಆ ಕಾಲದ ಓಟಗಳಿಗೆಲ್ಲ ಕವಿದ ಮೋಡ. ಆದರೆ ಅದು ಮುಂದೆ ತಿಳಿದ ಮಾತು. ಆ ಸಂಜೆ ಪಾಂಪ್ಲೋನಾದ ಬೀದಿಯಲ್ಲಿ ನಿಂತವರಿಗೆ ಕಂಡದ್ದು ದಣಿದು ಮನೆಗೆ ಬಂದ ತಮ್ಮ ಮಗ ಮಾತ್ರ.

ಮೂರು ವಾರಗಳೊಳಗೆ ಅಟ್ಲಾಂಟಾದಲ್ಲಿ 52 ಕಿಲೋಮೀಟರುಗಳ ಒಂಟಿ ಓಟದಲ್ಲಿ ಚಿನ್ನ ಬಂತು. ವೃತ್ತಿಪರರಿಗೆ ಒಲಿಂಪಿಕ್ಸ್‌ನ ಸೈಕಲ್ ಓಟಗಳಲ್ಲಿ ಮೊದಲ ಸಲ ಅವಕಾಶ ದೊರೆತ ವರ್ಷ ಅದು. ಅಲ್ಲಿಗೇ ನಿಲ್ಲಿಸಿದ್ದರೆ? ಎಷ್ಟು ಚೆಂದದ ಮುಕ್ತಾಯ! ಆದರೆ ಸೆಪ್ಟೆಂಬರಿನಲ್ಲಿ ಸ್ಪೇನಿನ ಮೂರು ವಾರಗಳ ಓಟ ‘ವುಯೆಲ್ತಾ’ ಇತ್ತು. ತಾಯ್ನಾಡಿನ ಆ ಓಟವನ್ನು ಅವರು ಎಂದೂ ಗೆದ್ದಿರಲಿಲ್ಲ. 1991ರಲ್ಲಿ ಎರಡನೆಯ ಸ್ಥಾನ ಬಂದದ್ದೇ ಹೆಚ್ಚು. ಆ ವರ್ಷ ಓಡುವ ಮನಸ್ಸು ಅವರಿಗಿರಲಿಲ್ಲವೆಂದೂ, ತಂಡದವರ ಒತ್ತಾಯಕ್ಕೆ ಮಣಿದು ಹೊರಟರೆಂದೂ ವರದಿಯಾಗಿದೆ. ತಂಡವನ್ನು ಸಾಕುತ್ತಿದ್ದುದು ಸ್ಪೇನಿನ ಬ್ಯಾಂಕು. ಸ್ಪೇನಿನ ರಸ್ತೆಗಳಲ್ಲಿ ಸ್ಪೇನಿನ ವೀರ ಕಾಣಿಸದಿದ್ದರೆ ಹೇಗೆ?

ಸೆಪ್ಟೆಂಬರ್ 20ರಂದು ಅಸ್ತೂರಿಯಾಸ್ ಪ್ರಾಂತ್ಯದ ಕೊವಾದೊಂಗಾ ಸರೋವರಗಳ ಕಡೆಗೆ ಓಟ ಸಾಗಿತ್ತು. ಒಂದು ಏರಿನಲ್ಲಿ ಇಂಡುರೈನ್ ಹಿಂದೆ ಬಿದ್ದರು. ಕೊನೆಯ ಬೆಟ್ಟ ಇನ್ನೂ ಮುಂದಿತ್ತು. ದಾರಿಯ ಬದಿಯಲ್ಲಿ ಅವರ ತಂಡ ತಂಗಬೇಕಾಗಿದ್ದ ಹೋಟೆಲು ಕಂಡಿತು. ಅವರು ರಸ್ತೆಯಿಂದ ಹೊರಳಿ, ಅದರ ಮುಂದೆ ನಿಂತು, ಸೈಕಲ್ ಇಳಿದರು. ಒಳಗೆ ನಡೆದುಹೋದರು. ವೃತ್ತಿಪರ ಓಟಗಾರನಾಗಿ ಅವರು ಮತ್ತೆ ದೊಡ್ಡ ಓಟಕ್ಕೆ ಹತ್ತಲಿಲ್ಲ. 1997ರ ಜನವರಿ 2ರಂದು ಪಾಂಪ್ಲೋನಾದಲ್ಲಿ ಪತ್ರಕರ್ತರನ್ನು ಕರೆದು ನಿವೃತ್ತಿಯನ್ನು ಪ್ರಕಟಿಸಿದರು. ಈ ಕ್ರೀಡೆಗೆ ಕೊಡಬೇಕಾದಷ್ಟು ಕಾಲ ಕೊಟ್ಟಾಯಿತು, ಮನೆಯವರು ಕಾಯುತ್ತಿದ್ದಾರೆ ಎಂಬುದು ಅವರ ಮಾತಿನ ಸಾರ.

ಪ್ರಿಯ ಓದುಗರೇ, ಆ ಹೋಟೆಲಿನ ಮುಂದೆ ಇಳಿದ ಮನುಷ್ಯನ ಚಿತ್ರ ನನ್ನನ್ನು ಬಿಡದಿರಲು ಕಾರಣವಿದೆ. ಅದನ್ನು ನಿಮ್ಮೊಡನೆ ಹೇಳಿಕೊಳ್ಳಲೇಬೇಕು.

ನಾನು ಧರ್ಮಕೇಂದ್ರದ ಹೊಣೆ ಹೊತ್ತ ಮೊದಲ ವರ್ಷಗಳವು. ಅಲ್ಲಿನ ಗಾನವೃಂದಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ನಲವತ್ತು ವರ್ಷ ಅವರ ಬೆರಳಿನ ಮೇಲೆಯೇ ಊರಿನ ಹಬ್ಬಗಳು, ಮದುವೆಗಳು, ಸಾವುಗಳು ನಡೆದಿದ್ದವು. ಪಾಲಕ ಸಂತರ ಹಬ್ಬಕ್ಕೆ ಒಂದು ತಿಂಗಳಿರುವಾಗ ಅವರು ಗುರುನಿವಾಸಕ್ಕೆ ಬಂದು, “ಫಾದರ್, ಈ ಸಲ ನನ್ನನ್ನು ಬಿಟ್ಟುಬಿಡಿ. ಬೆರಳು ಹೇಳಿದ ಮಾತು ಕೇಳುತ್ತಿಲ್ಲ” ಎಂದರು. ನಾನು ನಕ್ಕು, “ನೀವಿಲ್ಲದೆ ಹಬ್ಬವೇ ಮೇಷ್ಟ್ರೇ? ಧರ್ಮಾಧ್ಯಕ್ಷರು ಬರುತ್ತಿದ್ದಾರೆ. ಇದೊಂದು ವರ್ಷ” ಎಂದೆ. ಅವರು ತಲೆ ತಗ್ಗಿಸಿ ಹೋದರು. ನಾನು ಅವರನ್ನು ಗೌರವಿಸಿದೆನೆಂದೇ ಭಾವಿಸಿದ್ದೆ.

ಹಬ್ಬದ ಬಲಿಪೂಜೆಯಲ್ಲಿ ಕಾಣಿಕೆಯ ಗೀತೆಯ ನಡುವೆ ಸ್ವರ ತಪ್ಪಿತು. ಮತ್ತೆ ಹಿಡಿದರು, ಮತ್ತೆ ತಪ್ಪಿತು. ಹಾಡುವವರು ಒಬ್ಬೊಬ್ಬರಾಗಿ ನಿಂತರು. ಹಿಂದಿನ ಸಾಲಿನ ಹುಡುಗರ ನಗು ಪೀಠದವರೆಗೂ ಕೇಳಿಸಿತು. ಮೇಷ್ಟ್ರು ನಿಧಾನವಾಗಿ ಹಾರ್ಮೋನಿಯಂನ ಮುಚ್ಚಳ ಹಾಕಿದರು. ಉಳಿದ ಹಾಡುಗಳು ಶ್ರುತಿಯಿಲ್ಲದೆ ನಡೆದವು. ಪೂಜೆ ಮುಗಿದ ಮೇಲೆ ಅವರು ಪಕ್ಕದ ಬಾಗಿಲಿನಿಂದ ಹೋದರು. ಹಬ್ಬದೂಟಕ್ಕೆ ಬರಲಿಲ್ಲ.

ಮರುವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಡಿಸಿದರು. ಬಹಳ ಹೊತ್ತಿನ ಮೇಲೆ, “ನೀವು ಒತ್ತಾಯ ಮಾಡಿದಿರೆಂದು ಬೇಸರವಿಲ್ಲ ಫಾದರ್. ಬೇಡವೆಂದು ಎರಡನೇ ಸಲ ಹೇಳುವ ಧೈರ್ಯ ನನಗೆ ಬರಲಿಲ್ಲ. ಇನ್ನೊಂದು ಸಲ ಆಗಬಹುದೇನೋ ಎಂಬ ಆಸೆ ನನಗೂ ಇತ್ತು” ಎಂದರು. ಆಮೇಲೆ ಅವರು ಕೊನೆಯ ಬೆಂಚಿನಲ್ಲಿ ಕುಳಿತು ಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದರು. ಹಾರ್ಮೋನಿಯಂ ಹತ್ತಿರ ಮತ್ತೆ ಬರಲಿಲ್ಲ. ನನ್ನ ವರ್ಗಾವಣೆಯ ಎರಡು ವರ್ಷಗಳ ನಂತರ ತೀರಿಕೊಂಡರೆಂದು ತಿಳಿಯಿತು. ನಲವತ್ತು ವರ್ಷದ ಸೇವೆಗೆ ಆ ಊರು ಒಂದು ಶಾಲು ಹೊದಿಸಬೇಕಿತ್ತು. ನಾನು ಹೊದಿಸಿದ್ದು ಅವಮಾನವನ್ನು. ನಿಜ ಹೇಳಬೇಕೆಂದರೆ, ಅದು ಗೌರವವೂ ಆಗಿರಲಿಲ್ಲ. ಅವರ ಜಾಗಕ್ಕೆ ಮತ್ತೊಬ್ಬರನ್ನು ತಯಾರು ಮಾಡದ ನನ್ನ ಸೋಮಾರಿತನಕ್ಕೆ ನಾನು ಗೌರವದ ಹೆಸರಿಟ್ಟಿದ್ದೆ.

ಹೀಗಾಗಿ ಓಟಗಾರರ ಇಳಿಗಾಲದ ಕಥೆಗಳನ್ನು ನಾನು ಬೇರೆ ಕಣ್ಣಿನಿಂದ ಓದುತ್ತೇನೆ. ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ 525 ಓಟಗಳನ್ನು ಗೆದ್ದವರು. 1975ರ ಟೂರ್‌ನಲ್ಲಿ ಹಳದಿ ಅಂಗಿ ಕಳೆದುಕೊಂಡ ಮೇಲೆ ಬಿದ್ದು ಕೆನ್ನೆಯ ಮೂಳೆ ಮುರಿದರೂ, ಬಿಡದೆ ಪ್ಯಾರಿಸ್ ತಲಪಿ ಎರಡನೆಯವರಾದರು. ಲೋಕ ಮೆಚ್ಚಿತು. ಆದರೆ ಅಂದು ಓಟ ಮುಂದುವರಿಸಿದ್ದು ತಪ್ಪಾಯಿತೆಂದು ಮುಂದೆ ಅವರೇ ಹೇಳಿದರು. ಆ ಅಂಗಿ ಅವರಿಗೆ ಮತ್ತೆ ದಕ್ಕಲಿಲ್ಲ. 1978ರ ಮಾರ್ಚಿನಲ್ಲಿ ಬೆಲ್ಜಿಯಂನ ಒಂದು ಸಣ್ಣ ಓಟ ಅವರ ಕೊನೆಯದಾಯಿತು. ಮೇ ತಿಂಗಳಲ್ಲಿ ನಿವೃತ್ತಿ ಸಾರಿದರು. ಫ್ರಾನ್ಸಿನ ಬರ್ನಾರ್ ಇನೋ ಬೇರೆ ಬಗೆಯವರು. ಮೂವತ್ತೆರಡಕ್ಕೆ ನಿಲ್ಲಿಸುತ್ತೇನೆಂದು ಮೊದಲೇ ಹೇಳಿದ್ದರು. 1986ರಲ್ಲಿ ಟೂರ್‌ನಲ್ಲಿ ಎರಡನೆಯವರಾದ ವರ್ಷವೇ ನುಡಿದಂತೆ ನಿಲ್ಲಿಸಿ ಬ್ರಿಟನಿ ಸೀಮೆಯ ತಮ್ಮ ಹೊಲಮನೆಗೆ ಹೋದರು. ಒಬ್ಬರು ದೇಹ ಬರಿದಾಗುವವರೆಗೆ ತುಳಿದರು, ಒಬ್ಬರು ದಿನ ಗೊತ್ತುಮಾಡಿ ಇಳಿದರು, ಇಂಡುರೈನ್ ಬೇರೆಯವರ ಮಾತಿಗೆ ಹತ್ತಿ ತಮ್ಮ ಮನಸ್ಸಿನ ಮಾತಿಗೆ ಇಳಿದರು. ಆಶ್ಚರ್ಯವೆಂದರೆ ನಿವೃತ್ತರಾದಾಗ ಮೂವರಿಗೂ ವಯಸ್ಸು ಮೂವತ್ತೆರಡೇ. ಆ ವಯಸ್ಸಿನಲ್ಲಿ ನನ್ನ ಸೇವೆ ಇನ್ನೂ ಆಗತಾನೇ ಕಣ್ಣು ಬಿಡುತ್ತಿತ್ತು.

ಇಟಲಿಯ ಕೋಮೋ ಸರೋವರದ ಮೇಲಣ ಬೆಟ್ಟದಲ್ಲಿ ಗಿಸಾಲ್ಲೋ ಎಂಬ ಸಣ್ಣ ದೇವಾಲಯವಿದೆ. ಅಲ್ಲಿನ ಮಾತೆ ಮರಿಯಮ್ಮನವರನ್ನು 1949ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು ಸೈಕಲ್ ಸವಾರರ ಪಾಲಕಿಯೆಂದು ಸಾರಿದರು. ಅದರ ಗೋಡೆಗಳ ಮೇಲೆ ಮಹಾವೀರರ ಸೈಕಲ್ಲುಗಳನ್ನೂ ಅಂಗಿಗಳನ್ನೂ ತೂಗುಹಾಕಿದ್ದಾರೆ. 1995ರ ಟೂರ್‌ನಲ್ಲಿ ಇಳಿಜಾರಿನಲ್ಲಿ ಬಿದ್ದು ಪ್ರಾಣಬಿಟ್ಟ ಫಾಬಿಯೋ ಕಸಾರ್ತೆಲ್ಲಿ ಎಂಬ ಯುವಕನ ನಜ್ಜುಗುಜ್ಜಾದ ಸೈಕಲ್ಲೂ ಅಲ್ಲಿದೆ. ಗೆದ್ದ ಚಕ್ರ, ಮುರಿದ ಚಕ್ರ ಎರಡಕ್ಕೂ ಅಲ್ಲಿ ಒಂದೇ ಗೋಡೆ.

ನಮ್ಮ ಮನೆಗಳಲ್ಲಿ, ನಮ್ಮ ಸಂಘಗಳಲ್ಲಿ ಅಂಥ ಗೋಡೆ ಇದೆಯೇ? ಒಲೆಯ ಮುಂದಿನ ಕೆಲಸ ಇನ್ನಾಗದು ಎನ್ನುವ ಅಮ್ಮನಿಗೆ ‘ನಿನ್ನ ಕೈರುಚಿ ಬೇರೆ ಯಾರಿಗೆ ಬರುತ್ತದೆ’ ಎಂದು ಹೊಗಳಿ ಮತ್ತೆ ಒಲೆಗೆ ಕಳಿಸುತ್ತೇವೆ. ಅಂಗಡಿಯ ಲೆಕ್ಕ ಮಗ ನೋಡಿಕೊಳ್ಳಲಿ ಎನ್ನಲು ಅಪ್ಪನಿಗೆ ಬಾಯಿ ಬರುವುದಿಲ್ಲ. ಬಿಟ್ಟರೆ ತಾನು ಯಾರು ಎಂಬ ಭಯ. ಇಪ್ಪತ್ತು ವರ್ಷ ಸಂಘದ ಅಧ್ಯಕ್ಷರಾಗಿದ್ದವರು ಕುರ್ಚಿ ಬಿಡುವುದಿಲ್ಲವೆಂದು ಬೈಯುತ್ತೇವೆ. ಬಿಟ್ಟ ಮರುದಿನದಿಂದ ಅವರ ಮನೆಯ ಕಡೆ ತಲೆಯೂ ಹಾಕುವುದಿಲ್ಲ. ಇಳಿದವರನ್ನು ಮರೆಯುವ ನಾವೇ ಇಳಿಯಲು ಹೆದರುವವರನ್ನು ಹುಟ್ಟುಹಾಕುತ್ತೇವೆ.

ನನಗೂ ಈಗ ಐವತ್ತು ದಾಟಿ ಕೆಲವು ವರ್ಷಗಳಾದವು. ಧರ್ಮಕೇಂದ್ರದ ಗುರುಗಳು ಎಪ್ಪತ್ತೈದು ತುಂಬಿದಾಗ ರಾಜೀನಾಮೆ ಪತ್ರ ಒಪ್ಪಿಸಬೇಕೆಂಬುದು ಧರ್ಮಸಭೆಯ ಕಾನೂನು. ಆದರೆ ಎಲ್ಲ ಇಳಿತಕ್ಕೂ ಅಷ್ಟು ಕಾಯಬೇಕಾಗಿಲ್ಲ. ಕಳೆದ ಮಳೆಗಾಲದಲ್ಲಿ ರಾತ್ರಿ ಬೈಕ್ ಓಡಿಸುವಾಗ ಎದುರಿನ ದೀಪ ಎರಡಾಗಿ ಕಂಡಿತು. ರಾತ್ರಿ ಓಡಿಸಬೇಡಿ ಎಂದು ಸಹಾಯಕ ಗುರುಗಳು ಎರಡು ಸಲ ಹೇಳಿದರು. ಮೊದಲ ಸಲ ನನಗೆ ಸಿಟ್ಟು ಬಂತು. ಎರಡನೆಯ ಸಲ ಮೇಷ್ಟ್ರ ನೆನಪು ಬಂತು. ಬೀಗದ ಕೈ ಅವರಿಗೆ ಕೊಟ್ಟೆ. ರಾತ್ರಿಯ ಹೊತ್ತು ರೋಗಿಗಳ ಕರೆ ಬಂದರೆ ಈಗ ಅವರ ಹಿಂದೆ ಕುಳಿತು ಹೋಗುತ್ತೇನೆ. ಮೊದಲ ದಿನ ಬಹಳ ಸಂಕೋಚವಾಯಿತು. ಈಗ ಹಿಂದೆ ಕುಳಿತವನಿಗೆ ದಾರಿಯುದ್ದಕ್ಕೂ ಜಪಸರ ಹೇಳಲು ಬಿಡುವಿರುತ್ತದೆ.

ಇಂಡುರೈನ್ ನಿವೃತ್ತರಾದ ಮೇಲೂ ಸೈಕಲ್ ಬಿಡಲಿಲ್ಲ. ಗಡಿಯಾರವಿಲ್ಲದೆ, ಹಳದಿ ಅಂಗಿಯಿಲ್ಲದೆ, ಸಂತೋಷಕ್ಕಾಗಿ ಸಾಮಾನ್ಯ ಸವಾರರ ಜೊತೆ ತುಳಿದರು. ಇಳಿದ ಮೇಲೂ ದಾರಿ ಇರುತ್ತದೆಂದು ಅದರಿಂದ ನನಗೆ ಧೈರ್ಯ.

ನಿಮ್ಮ ಮನೆಯಲ್ಲಿ ಯಾರಾದರೂ ‘ಈ ಸಲ ನನ್ನನ್ನು ಬಿಟ್ಟುಬಿಡಿ’ ಎಂದಿದ್ದಾರೆಯೇ? ಅವರು ಎರಡನೆಯ ಸಲ ಹೇಳಲೆಂದು ಕಾಯಬೇಡಿ. ಮೈದಾನದಲ್ಲಿ ಸುತ್ತುತ್ತಿದ್ದ ಆ ಹುಡುಗನಿಗೆ ಅಣ್ಣ ದೂರದಲ್ಲಿ ನಿಂತು ‘ಇಳಿ, ಇಳಿ’ ಎಂದು ಕೂಗಲಿಲ್ಲ. ‘ಇನ್ನೊಂದು ಸುತ್ತು’ ಎಂದು ಹುರಿದುಂಬಿಸಲೂ ಇಲ್ಲ. ಜೊತೆಯಲ್ಲಿ ಓಡಿಬಂದು, ಕ್ಯಾರಿಯರ್ ಹಿಡಿದು, ನನ್ನ ಕಾಲು ನೆಲಕ್ಕೆ ತಾಗುವವರೆಗೆ ಕೈ ಬಿಡಲಿಲ್ಲ.